ಧೂಳಿನ ಕಾಳಗದ ವರ್ಷ

ನಮ್ಮೂರಿಗೆ ಫುಟ್‌ಬಾಲ್ ಆಡಲು ಬರುವ ತಂಡಗಳು ಬೂಟು ಕೊಳ್ಳುವ ಮೊದಲು ಯಾರನ್ನಾದರೂ ಕಳಿಸಿ ಒಂದೇ ಮಾತು ವಿಚಾರಿಸುತ್ತವೆ: "ಈ ಸಲ ಯಾವ ಯುದ್ಧ?" ಆನೆ ಕಾಳಗ ಅಂದರೆ ಉದ್ದ ಮೊಳೆಯ ಬೂಟು ತರುತ್ತಾರೆ. ಆ ವರ್ಷ ಮೈದಾನದ ನಟ್ಟನಡುವೆ ಬೋಗುಣಿಯಂಥ ತಗ್ಗುಗಳು ಬಿದ್ದಿರುತ್ತವೆ. ಕುದುರೆ ಕಾಳಗ ಅಂದರೆ ಓಟಗಾರರನ್ನೇ ಆರಿಸಿ ತರುತ್ತಾರೆ. ಏಳು ತಿಂಗಳ ಮುತ್ತಿಗೆ ಗೆದ್ದ ವರ್ಷ ಮಾತ್ರ ಯಾರೂ ಏನೂ ತರಲಿಲ್ಲ. ಇಡೀ ಸೀಸನ್ನಿನಲ್ಲಿ ಒಂದು ಗೋಲೂ ಆಗಲಿಲ್ಲ. ಜನ ಚಾಪೆ ತಂದು ಹಾಸಿಕೊಂಡು, ಕಡಲೆಕಾಯಿ ಸುಲಿಯುತ್ತ, ಆಟದ ಮಧ್ಯೆ ಒಂದು ಸಣ್ಣ ನಿದ್ದೆ ತೆಗೆದು ಎದ್ದು ನೋಡಿದರೂ ಚೆಂಡು ಅಲ್ಲೇ ಇರುತ್ತಿತ್ತು.

ಸೀಸನ್ನಿಗೆ ಒಂದು ತಿಂಗಳ ಮುಂಚೆ ಕ್ಲಬ್ಬಿನ ವಾಚನಾಲಯದ ಜಗುಲಿಯಲ್ಲಿ ಎಂಟು ಸಂಜೆ ವಾದ ನಡೆಯುತ್ತದೆ. ಈ ಮೈದಾನದಲ್ಲಿ ನಡೆದ ಯುದ್ಧಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು, ಅಷ್ಟೇ ವಿಷಯ. ಎಂಟನೇ ಸಂಜೆ ಕೈ ಎತ್ತುತ್ತಾರೆ. ಯಾವ ಯುದ್ಧಕ್ಕೆ ಹೆಚ್ಚು ಕೈ ಏಳುತ್ತದೋ, ಮೈದಾನ ಆ ವರ್ಷವೆಲ್ಲ ಆ ಯುದ್ಧದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಜಗುಲಿಯಲ್ಲಿ ಯಾರು ಏನಂದರು ಅನ್ನುವುದನ್ನು ಕ್ಲಬ್ಬಿನ ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವವಳು ನಾನು. ಹೆಸರು ಹೊನ್ನೂರಮ್ಮ; ಊರಿಗೆಲ್ಲ ಹೊನ್ನಿ. ಬೆಳಗ್ಗೆ ವಾಚನಾಲಯದ ಬಾಗಿಲು ತೆಗೆಯುವುದು, ಪೇಪರು ಜೋಡಿಸುವುದು, ಲೀಗಿನ ಕಪ್ಪು ಗೆದ್ದರೆ ಇಡಲೆಂದು ಹಿರಿಯರು ಗೋಡೆಗೆ ಹೊಡೆಸಿದ ಬೀಟೆ ಮರದ ಹಲಗೆ ಒರೆಸುವುದು ನನ್ನ ಕೆಲಸ. ಆ ಹಲಗೆ ಮೇಲೆ ಕಪ್ಪು ಯಾವತ್ತೂ ಕೂತಿಲ್ಲ. ಒರೆಸುವಾಗೆಲ್ಲ ನಾನು ಅದು ಕೂತಿದೆ ಎಂದುಕೊಂಡು ಸುತ್ತ ಬಳಸಿ ಒರೆಸುತ್ತೇನೆ.

ಕಪ್ಪು ಬಾರದ ಕಾರಣ ಎಲ್ಲರಿಗೂ ಗೊತ್ತು. ಮೈದಾನದ ಒಂದು ತುದಿಗೆ ಕೋಟೆ, ಇನ್ನೊಂದು ತುದಿಗೆ ಪೇಟೆ ಬಾಗಿಲು. ಹಳೇ ಕಾಲದಲ್ಲಿ ನಮ್ಮ ದಂಡು ಕೋಟೆಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು, ಏರಿ ಬಂದವರು ಪೇಟೆ ಬಾಗಿಲ ಕಡೆ. ಹಾಗಾಗಿ ನಮ್ಮ ತಂಡ ಮೊದಲರ್ಧ ಕೋಟೆ ಕಡೆಯೇ ಆಡುವುದು ಪದ್ಧತಿ, ನಾಣ್ಯ ಚಿಮ್ಮುವ ಮಾತೇ ಇಲ್ಲ. ನಾವು ಗೆದ್ದ ಯುದ್ಧಗಳನ್ನೇ ದೊಡ್ಡದೆಂದು ಆರಿಸುವುದರಿಂದ ಇಳಿಜಾರು, ಗಾಳಿ, ಬಿಸಿಲು ಎಲ್ಲ ನಮ್ಮ ಕಡೆಗೇ ಇದ್ದು, ಮೊದಲರ್ಧದಲ್ಲಿ ನಾವು ಮೂರೋ ನಾಲ್ಕೋ ಗೋಲು ಹೊಡೆಯುತ್ತೇವೆ. ಆಮೇಲೆ ರೆಫ್ರಿ ಸೀಟಿ ಊದಿ ತುದಿ ಬದಲಾಯಿಸುತ್ತಾನೆ. ಈಗ ಬಂದವರು ಕೋಟೆ ಕಡೆ. ನಮ್ಮ ಅಜ್ಜಂದಿರ ಪರಾಕ್ರಮವೆಲ್ಲ ನಮ್ಮ ಮೇಲೇ ಉರುಳಿ ಬರುತ್ತದೆ. ಮೂರು ಹೊಡೆದಿದ್ದರೆ ನಾಲ್ಕು ತಿನ್ನುತ್ತೇವೆ. ಸುತ್ತಲಿನವರು ನಮ್ಮನ್ನು ಮೊದಲರ್ಧದ ಊರು ಅನ್ನುತ್ತಾರೆ. ನಮ್ಮವರಾದರೂ ಏನು ಮಾಡುತ್ತಾರೆ? ಮುಂದಿನ ವರ್ಷ ಇನ್ನೂ ದೊಡ್ಡ ಗೆಲುವನ್ನು ಹುಡುಕಿ ವಾದಿಸುತ್ತಾರೆ.

ಆ ನಾಲ್ಕನ್ನೂ ತಿನ್ನುವವನು ಗೋಲ್‌ಕೀಪರ್ ಕಾಟಣ್ಣ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಡಾಕ್ಟರು ಸೂಜಿ ಚುಚ್ಚುವಾಗ ಎತ್ತಿನ ಕಾಲು ಹಿಡಿದು ಹಿಡಿದು ಅವನ ಅಂಗೈ ಮೊರದಷ್ಟು ಅಗಲವಾಗಿದೆ. ಹನ್ನೊಂದು ವರ್ಷ, ಒಂದು ಆಟವೂ ತಪ್ಪಿಸಿದವನಲ್ಲ. ಸೋತ ಮೇಲೆ ಎಲ್ಲರೂ ತಲೆ ತಗ್ಗಿಸಿ ಹೋದರೆ ಅವನೊಬ್ಬ ಗೋಲಿನ ಬಲೆ ಬಿಚ್ಚಿ, ಮಡಚಿ, ಹೆಗಲಿಗೆ ಹಾಕಿಕೊಂಡು ಎದುರು ತಂಡದವರಿಗೆ "ಹೋಗ್ ಬನ್ನಿ ಅಣ್ಣಾ" ಅಂದು ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೆದ್ದವರ ನಡಿಗೆಯೂ ಅಷ್ಟು ನೆಟ್ಟಗೆ ಇರುವುದಿಲ್ಲ. ತಪ್ಪು ಮೈದಾನದ್ದು ಅಂತ ಊರಿಗೆ ಗೊತ್ತು. ಆದರೆ ಮೈದಾನವನ್ನು ಬೈದರೆ ಅದು ತಿರುಗಿ ನೋಡುವುದಿಲ್ಲ, ಕಾಟಣ್ಣ ನೋಡುತ್ತಾನೆ. ಜೊತೆಗೆ ಅವನ ಮನೆಗೊಂದು ಹೆಸರಿತ್ತು: ದಿಕ್ಕುತಪ್ಪಿದವರ ಮನೆ. "ತುದಿ ಬದಲಾದ್ರೆ ಆ ವಂಶಕ್ಕೆ ತಲೆ ತಿರುಗ್ತದೆ ಕಣ್ರೋ" ಅಂದು ನಗುವುದು ಸುಲಭವಾಗಿತ್ತು.

ಆ ಹೆಸರಿನ ಕಥೆಯನ್ನು ನನಗೆ ಹೇಳಿದವಳು ನಮ್ಮಜ್ಜಿ. ಅವಳ ಮಡಿಲಲ್ಲಿ ಕೇಳಿದ ಯುದ್ಧಗಳೇ ನನಗೆ ಜೋಗುಳ. ಗಂಭೀರವಾದವು ಮುಗಿದ ಮೇಲೆ, ನಾನು ಊಟ ಸೇರದೆ ಹಟ ಮಾಡಿದರೆ, ನಗಿಸಲಿಕ್ಕೆಂದು ಅವಳು ಧೂಳಿನ ಕಾಳಗ ತೆಗೆಯುತ್ತಿದ್ದಳು. "ಸೂರನಾಯಕ ಅಂತ ಇದ್ದ ಕಣೇ, ಕಾಟನ ಮನೆ ಹಿರೀಕ, ನಮ್ಮ ದಂಡಿನ ಮುಂದಾಳು. ಬೆಳಗ್ಗೆ ಗಾಳಿ ಕೋಟೆ ಕಡೆಯಿಂದ ಬೀಸ್ತು, ನಮ್ಮೋರು ವೈರೀನ ಸೀಳ್ಕಂಡು ಪೇಟೆ ಬಾಗಿಲ ಗಂಟ ಬಂದ್ರು. ಅವ್ರು ಸುತ್ತಾಕ್ಕಂಡು ಕೋಟೆ ಕಡೆ ಹೋದ್ರು. ನಡುಮಧ್ಯಾಹ್ನಕ್ಕೆ ಗಾಳೀನೂ ತಿರುಗ್ತು, ಪೇಟೆ ಕಡೆಯಿಂದ ಬೀಸಾಕೆ ಶುರುವಾಯ್ತು. ಇನ್ನೇನು, ಗೆದ್ದಂಗೇ! ಅಷ್ಟ್ರಲ್ಲಿ ಎದ್ತು ನೋಡು ಧೂಳು. ಯಾರು ಯಾವ ಕಡೆ ಅಂತ ಗೊತ್ತಾಗ್ದೆ ನಮ್ಮೋರು ತಿರುಗಿ ನಮ್ಮ ಪೇಟೆ ಬಾಗಿಲಿಗೇ ಕೊಡಲಿ ಹಾಕಿದ್ರು! ಧೂಳು ಕೂತ ಮೇಲೆ ನೋಡಿದ್ರೆ ಬಾಗಿಲು ತುಂಬ ಗಾಯ. ಆ ಸೂರನಾಯಕ ಮುರುಕು ಕತ್ತಿ ಹಿಡ್ಕಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತವ್ನೆ. ಎಷ್ಟು ದಿಕ್ಕು ತಪ್ಪಿತ್ತು ಅಂದ್ರೆ, ಒಡೆಯಾಕೆ ಬಂದ ಬಾಗಿಲಿಗೇ ಬೆನ್ನು! 'ಯಾವ ಕಡೆ ಮುಖ ಮಾಡಿದ್ಯೋ ಮಾರಾಯ' ಅಂತ ದೊರೆ ಕೇಳಿದ್ರೆ ಬಾಯಿಗೆ ಮಾತಿಲ್ಲ." ಇಷ್ಟು ಹೇಳಿ ಅಜ್ಜಿ ನನ್ನನ್ನು ಗೋಡೆ ಕಡೆ ತಿರುಗಿಸಿ, "ಊಟದ ತಟ್ಟೆ ಯಾವ ಕಡೆ ಐತೆ ಹೇಳು?" ಅನ್ನುವಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಈ ವರ್ಷದ ವಾದದ ಮೊದಲ ಸಂಜೆಯೇ ಅಧ್ಯಕ್ಷರಾದ ವೀರಭದ್ರಯ್ಯ ಮೇಷ್ಟ್ರು ಎದ್ದು ನಿಂತು, ಸೀಸನ್ನಿಗೆ ಮುಂಚಿನ ತಾಲೀಮು ಪಂದ್ಯದಲ್ಲಿ ಎರಡನೇ ಅರ್ಧ ಹಳೇ ಕಥೆಯೇ ಆದರೆ ಬೇರೆ ಊರಿನಿಂದ ಗೋಲ್‌ಕೀಪರನ್ನು ತರುವುದಾಗಿ ಕಮಿಟಿ ತೀರ್ಮಾನಿಸಿದೆ ಎಂದರು. ಕಾಟಣ್ಣ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. "ಆಗಲಿ ಮೇಷ್ಟ್ರೇ" ಅಂದ, ಅಷ್ಟೇ. ನನ್ನ ಪೆನ್ನು ಆ ಎರಡು ಪದ ಬರೆಯಲು ಬಹಳ ಹೊತ್ತು ತೆಗೆದುಕೊಂಡಿತು. ಮೂವತ್ತಾರು ವಯಸ್ಸಿನವನ ಗ್ಲೌಸ್ ಕಿತ್ತುಕೊಂಡರೆ ಅದು ಮತ್ತೆ ಅವನ ಕೈಗೆ ಬರುವುದಿಲ್ಲ ಅನ್ನುವುದು ಜಗುಲಿಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಆರನೇ ಸಂಜೆ ಮೇಷ್ಟ್ರು ಆನೆ ಕಾಳಗದಲ್ಲಿ ಗಾಳಿ ಯಾವ ಕಡೆಯಿಂದ ಬೀಸಿತ್ತು ಅನ್ನುವುದನ್ನು ವರ್ಣಿಸುತ್ತಿದ್ದರು. ಕನಸು ಕಾಣುವುದು ನನ್ನ ಚಾಳಿ. ಕೈ ಬರೆಯುತ್ತಿತ್ತು, ಕಿವಿ ಅಜ್ಜಿಯ ದನಿಯಲ್ಲಿತ್ತು. ಬೆಳಗ್ಗೆ ಗಾಳಿ ಕೋಟೆ ಕಡೆಯಿಂದ. ಮಧ್ಯಾಹ್ನ ಪೇಟೆ ಕಡೆಯಿಂದ. ನಮ್ಮವರು ಬೆಳಗ್ಗೆ ಕೋಟೆ ಕಡೆ, ಮಧ್ಯಾಹ್ನ ಪೇಟೆ ಕಡೆ. ಪೆನ್ನು ನಿಂತುಬಿಟ್ಟಿತು. ಎರಡು ಹೊತ್ತೂ ಗಾಳಿ ನಮ್ಮ ಬೆನ್ನಿಗೇ! ತುದಿ ಬದಲಾದ ಒಂದೇ ಒಂದು ಯುದ್ಧ ನಮ್ಮೂರ ಚರಿತ್ರೆಯಲ್ಲಿತ್ತು. ಅದನ್ನು ನಾವು ಊಟ ಮಾಡಿಸಲು ಇಟ್ಟುಕೊಂಡಿದ್ದೆವು. ಮನೆಗೆ ಬಂದು ದಪ್ಪ ಪುಸ್ತಕವೆಲ್ಲ ತಿರುವಿದೆ. ಅರವತ್ತು ವರ್ಷದ ವಾದಗಳಲ್ಲಿ ಧೂಳಿನ ಕಾಳಗದ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ.

ಮರುದಿನ ದನದ ಆಸ್ಪತ್ರೆಗೆ ಹೋದೆ. ಕಾಟಣ್ಣ ಒಂದು ಎಮ್ಮೆಗರುವನ್ನು ತೊಡೆ ಸಂದಿಯಲ್ಲಿ ಅವುಚಿಕೊಂಡು ಬಾಯಿಗೆ ಗೊಟ್ಟದಲ್ಲಿ ಔಷಧಿ ಹಾಕುತ್ತಿದ್ದ. ಹೇಳಬೇಕೆಂದುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಕರುವಿನ ಗಂಟಲು ನೀವಿ ಔಷಧಿ ಇಳಿಸಿದ.

"ನನ್ನ ಮಗಳನ್ನ ಶಾಲೇಲಿ ಏನಂತಾರೆ ಗೊತ್ತಾ ತಂಗಿ? ಬೋರ್ಡ್ ಹತ್ರ ಕರೆದು, 'ಉತ್ತರ ದಿಕ್ಕು ತೋರ್ಸು' ಅಂತಾರೆ. ಅವಳು ಸರಿಯಾಗೇ ತೋರಿಸ್ತಾಳೆ. ಆದ್ರೂ ನಗ್ತಾರೆ."

"ಬ್ಯಾಡ ಅಂದ್ರೆ ನಾನು ಬಾಯಿ ಬಿಡಲ್ಲ ಕಾಟಣ್ಣ."

"ಒಂದು ವರ್ಷ ಪೂರ್ತಿ ಸುತ್ತಲಿನ ಹತ್ತೂರೋರು ಬಂದು ನಮ್ಮ ಸೂರನಾಯಕನ್ನ ಆಡ್ಕಂಡು ಹೋಗ್ತಾರೆ." ಅವನು ಕರುವನ್ನು ಬಿಟ್ಟ. ಅದು ಚಂಗನೆ ಹಾರಿ ಬಾಗಿಲಾಚೆ ಓಡಿತು. "ಗಾಳಿ ಎರಡೂ ಹೊತ್ತು ನಮ್ಮ ಬೆನ್ನಿಗೇನಾ?"

"ಅಜ್ಜಿ ಯಾವತ್ತೂ ಬೇರೆ ಥರ ಹೇಳಿಲ್ಲ."

"ಸರಿ. ನೀನು ಹೇಳೋದು ಬ್ಯಾಡ. ನಾನೇ ಹೇಳ್ತೀನಿ. ನಮ್ಮ ಮನೆ ಮಾತು ಬೇರೆಯೋರ ಬಾಯಿಂದ ಯಾಕೆ ಬರ್ಬೇಕು?"

ಎಂಟನೇ ಸಂಜೆ ಜಗುಲಿ ತುಂಬಿ ಜನ ರಸ್ತೆಯಲ್ಲಿ ನಿಂತಿದ್ದರು. ಮೇಷ್ಟ್ರ ಆನೆ ಕಾಳಗಕ್ಕೆ ಕೈ ಏಳುವುದೊಂದೇ ಬಾಕಿ. ಕಾಟಣ್ಣ ಎದ್ದು ಧೂಳಿನ ಕಾಳಗ ಅಂದ. ಮೊದಲು ಒಂದು ನಗು ಎದ್ದಿತು, ಅವನು ಕೂರಲಿಲ್ಲವಾದ್ದರಿಂದ ಅದು ಹಾಗೇ ಇಳಿಯಿತು. ಮೇಷ್ಟ್ರಿಗೆ ಸಿಟ್ಟು ಬಂತು.

"ಏನಯ್ಯಾ ಕಾಟ, ಅದು ಯುದ್ಧವೇ ಅಲ್ಲ. ಒಂದು ಹೊತ್ತಿನ ಗಲಿಬಿಲಿ. ಅದರಿಂದ ಯಾವ ಗಡಿ ಬದಲಾಯಿತು? ಯಾವ ರಾಜ್ಯ ಬಿತ್ತು? ಆನೆ ಕಾಳಗ ನಡೆಯದಿದ್ದರೆ ಈ ಊರೇ ಇರುತ್ತಿರಲಿಲ್ಲ."

"ಒಪ್ಪಿದೆ ಮೇಷ್ಟ್ರೇ. ಆನೆ ಕಾಳಗದಲ್ಲಿ ನಮ್ಮ ದಂಡಿನ ಮುಂದಾಳು ಯಾರು? ಈ ಜಗುಲಿ ಮೇಲೆ ನಿಮ್ಮನ್ನ ಬಿಟ್ಟು ಯಾರಾದ್ರೂ ಹೇಳ್ರಪ್ಪಾ ನೋಡೋಣ."

ತಂಡದ ಮುಂದಾಳು, ಗೋಲು ಹೊಡೆಯುವುದರಲ್ಲಿ ನಿಸ್ಸೀಮನಾದ ಬುಡೇನ್, "ಆನೆ ಹೆಸರು ಬೇಕಾರೆ ಹೇಳ್ತೀನಿ" ಅಂದ. ನಕ್ಕರು.

"ಧೂಳಿನ ಕಾಳಗದಲ್ಲಿ?"

"ಸೂರನಾಯಕ!" ಅಂದಿತು ಇಡೀ ರಸ್ತೆ, ತಡೆಯಲಾರದೆ.

"ನೋಡಿ," ಅಂದ ಕಾಟಣ್ಣ. ದನಿ ಎತ್ತರಿಸಲೇ ಇಲ್ಲ. "ನೀವು ಹೇಳೋ ಯುದ್ಧಗಳು ಒಂದೊಂದ್ಸಲ ನಡೆದು ಮುಗಿದ್ವು. ನಮ್ಮದು ಮುಗಿದೇ ಇಲ್ಲ. ತೊಟ್ಟಿಲ ಮಗೂಗೂ ಗೊತ್ತು. ನಾನು ಹಾಲು ತರಾಕೆ ಹೋದ್ರೆ ನಡೀತೈತೆ, ನನ್ನ ಮಗಳು ಶಾಲೆಗೆ ಹೋದ್ರೆ ನಡೀತೈತೆ. ಇಷ್ಟು ತಲೆಮಾರು ಒಂದು ದಿನಾನೂ ನಿಲ್ಲದ ಯುದ್ಧಕ್ಕಿಂತ ದೊಡ್ಡದು ಯಾವುದೈತೆ, ನೀವೇ ಹೇಳಿ."

ಬುಡೇನ್ ಮೊದಲು ಕೈ ಎತ್ತಿದ. ಆಮೇಲೆ ಎಷ್ಟು ಕೈ ಎದ್ದವೆಂದರೆ ಹಿಂದಿನವರಿಗೆ ಮುಂದಿನವರು ಕಾಣಿಸಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ವಾದ ಬಲವಾಗಿದೆ" ಅಂದು ತಾವೂ ಕೈ ಎತ್ತಿದರು. ಅದಕ್ಕೇ ನಾನು ಅವರನ್ನೂ ಇಷ್ಟಪಡುತ್ತೇನೆ. ಸೋತದ್ದನ್ನು ಸರಿಯಾಗಿ ಬರೆಸಿಕೊಳ್ಳುವ ಮನುಷ್ಯ. "ಆನೆ ಕಾಳಗಕ್ಕೆ ಸೊನ್ನೆ ಅಂತ ಬರಿಯಮ್ಮ" ಅಂದರು.

ಆಮೇಲಿನ ಹದಿನೈದು ದಿನ ಊರಿನಲ್ಲಿ ನೆಲದ ಮೇಲೆ ಕಾಲಿಟ್ಟು ನಡೆದವರು ಕಡಿಮೆ. ಟೀ ಅಂಗಡಿಯವನು ಕಪ್ಪು ಬಂದರೆ ಅದರಲ್ಲೇ ಮೊದಲ ಟೀ ಹಾಕಿಕೊಡುವುದಾಗಿ ಹೇಳಿದ. ಅದರಲ್ಲಿ ಎಷ್ಟು ಲೋಟ ಹಿಡಿಯುತ್ತದೆ ಅನ್ನುವುದರ ಮೇಲೆ ಜಗಳವೇ ಆಯಿತು. ಟೈಲರು ಕೆಂಪು ಜೆರ್ಸಿಗಳ ಬೆನ್ನಿನ ಹೊಲಿಗೆ ಎರಡೆರಡು ಸಲ ಹಾಕಿದ, ಗಾಳಿ ಬೆನ್ನಿಗಲ್ಲವೇ. ಹೆಂಗಸರು ಬಟ್ಟೆ ಒಣಹಾಕುವ ಹಗ್ಗವನ್ನು ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಕಟ್ಟತೊಡಗಿದರು, ಏಕೆಂದರೆ ಮೈದಾನದ ಗಾಳಿ ಆಗಲೇ ಅಭ್ಯಾಸ ಶುರು ಮಾಡಿತ್ತು. ಕಾಟಣ್ಣ ಮಾತ್ರ ಎಂದಿನಂತೆ ಬೆಳಗ್ಗೆ ಗೋಲಿನ ಮುಂದಿನ ಕಲ್ಲು ಆರಿಸುತ್ತಿದ್ದ. ನಾನು ಹಲಗೆಗೆ ಎಣ್ಣೆ ಹಚ್ಚಿದೆ.

ತಾಲೀಮು ಪಂದ್ಯದ ದಿನ ಎದುರಾಳಿ ಹೊಳೆಯಾಚೆಯ ತಂಡ. "ದಿಕ್ಸೂಚಿ ತಂದಿದ್ದೀವಿ, ಬೇಕಾ?" ಅಂತ ಕಾಟಣ್ಣನನ್ನು ಕೇಳುತ್ತಲೇ ಬಂದರು. "ನಿಮ್ಮತ್ರಾನೇ ಇರ್ಲಿ ಅಣ್ಣಾ, ವಾಪಸ್ ಹೋಗಾಕೆ ಬೇಕಾಯ್ತದೆ" ಅಂದ ಅವನು. ಅಜ್ಜಿ ತಾನೂ ನೋಡಲೇಬೇಕೆಂದು ಹಟ ಹಿಡಿದದ್ದರಿಂದ ಪೇಟೆ ಬಾಗಿಲ ನೆರಳಲ್ಲಿ, ಆ ಕಡೆಯ ಗೋಲಿನ ಹಿಂದೆಯೇ ಕುರ್ಚಿ ಹಾಕಿ ಕೂರಿಸಿ, ದಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲೇ ನಿಂತೆ. ಆ ಬಾಗಿಲ ಮೇಲೆ ಹಳೇ ಕೊಡಲಿ ಗಾಯಗಳು ಇನ್ನೂ ಇವೆ. ಮಕ್ಕಳು ಅದರಲ್ಲಿ ಬೆರಳಿಟ್ಟು ಆಡುತ್ತಾರೆ.

ಮೊದಲರ್ಧ ಗಾಳಿ ಕೋಟೆ ಕಡೆಯಿಂದ ಬೀಸಿತು, ಬುಡೇನ್ ಎರಡು ಗೋಲು ಹೊಡೆದ. ಅದೇನು ಹೊಸದಲ್ಲ. ಜನ ಚಪ್ಪಾಳೆಯನ್ನೂ ಉಳಿಸಿಕೊಂಡು ಕೂತಿದ್ದರು. ಸೀಟಿಯಾಯಿತು, ತುದಿ ಬದಲಾಯಿತು. ಕಾಟಣ್ಣ ನಮ್ಮ ಕಡೆಯ ಗೋಲಿಗೆ ಬಂದು, ಅಜ್ಜಿಗೆ ಕೈಮುಗಿದು, ಗ್ಲೌಸ್ ಬಿಗಿ ಮಾಡಿಕೊಂಡು ನಮಗೆ ಬೆನ್ನು ಹಾಕಿ ನಿಂತ. ಆಟ ಶುರುವಾದ ಕೂಡಲೇ ನನ್ನ ಜಡೆ ಹಿಂದಿನಿಂದ ಹಾರಿ ಮುಖಕ್ಕೆ ಬಡಿಯಿತು. ಗಾಳಿ ತಿರುಗಿತ್ತು! ಪೇಟೆ ಬಾಗಿಲಿಂದ ಕೋಟೆ ಕಡೆಗೆ, ನಮ್ಮ ಬೆನ್ನಿಗೇ! ಇಡೀ ಮೈದಾನ ಎದ್ದು ನಿಂತು ಕೂಗಿತು. ನಾನು ಕುರ್ಚಿ ಹಿಡಿದು ಕುಣಿದೆ.

ಆಮೇಲೆ ಧೂಳು ಎದ್ದಿತು. ನಾನು ಗಾಳಿಯನ್ನಷ್ಟೇ ನೆನೆದಿದ್ದೆ, ಯುದ್ಧದ ಹೆಸರನ್ನೇ ಮರೆತಿದ್ದೆ. ಕೋಟೆ ಮುಚ್ಚಿಹೋಯಿತು, ನಡುಗೆರೆ ಮುಚ್ಚಿಹೋಯಿತು, ಕೆಂಪು ಜೆರ್ಸಿ ನೀಲಿ ಜೆರ್ಸಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿ ಆಮೇಲೆ ಅದೂ ಇಲ್ಲವಾಯಿತು. ಆರಿಸಿದ ಯುದ್ಧ ಏನು ತಂದರೂ ಅದಕ್ಕಾಗಿ ಆಟ ನಿಲ್ಲಿಸುವ ಹಾಗಿಲ್ಲ ಅನ್ನುವುದು ಲೀಗಿನ ಕಾನೂನು. ರೆಫ್ರಿ ಎಲ್ಲೋ ಒಂದು ಕಡೆ ಕೆಮ್ಮುತ್ತಿದ್ದ. ನನಗೆ ಕಾಣುತ್ತಿದ್ದದ್ದು ಹತ್ತು ಮೊಳ ದೂರದ ಕಾಟಣ್ಣನ ಬೆನ್ನು ಒಂದೇ.

ಬೂಟುಗಳ ಸದ್ದು ನಮ್ಮ ಕಡೆಗೇ ಬಂತು. ಧಡ್ ಅಂತ ಚೆಂಡು ಅವನ ಎದೆಗೆ ಬಡಿಯಿತು. ಧೂಳಿನೊಳಗಿಂದ ಬುಡೇನನ ದನಿ: "ಹೊಡಿರೋ, ಗೋಲ್ ಇಲ್ಲೇ ಐತೆ!"

"ಲೇ ಬುಡೇನಾ!" ಕಾಟಣ್ಣ ಕೂಗಿದ. "ನಾನು ಕಣೋ, ಕಾಟ! ಇದು ನಮ್ಮ ಗೋಲು! ತಿರುಗ್ರೋ!"

"ನಂಬಬ್ಯಾಡ್ರೋ! ಹೊಳೆಯಾಚೆಯೋರು ಕಾಟಣ್ಣನ ದನಿ ಅನುಕರಿಸ್ತವ್ರೆ!" ಅಂದ ಬುಡೇನ್, ಮತ್ತೆ ಒದ್ದ.

ಕಾಟಣ್ಣ ಬಲಕ್ಕೆ ಬಿದ್ದು ತಡೆದ, ಎಡಕ್ಕೆ ಬಿದ್ದು ತಡೆದ. ಬೇಕೆಂದರೆ ಚೆಂಡು ಅವುಚಿಕೊಂಡು ಮಲಗಿಬಿಡಬಹುದಿತ್ತು, ಆದರೆ ಹಿಡಿದಾಗೆಲ್ಲ ನಮ್ಮವರೇ ಕಿತ್ತುಕೊಂಡು ಮತ್ತೆ ಒದೆಯುತ್ತಿದ್ದರು. ಒಂದು ಮೊಣಕೈ ಅವನ ತುಟಿಗೆ ತಗುಲಿತು. ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದ, ಅವರವರ ಅಪ್ಪಂದಿರ ಹೆಸರು ಹೇಳಿ ಕೂಗಿದ, ಒಬ್ಬನೂ ನಂಬಲಿಲ್ಲ. ಕೊನೆಗೆ ಕೂಗುವುದನ್ನು ಬಿಟ್ಟ. ಹಿಂದೆ ಹಿಂದೆ ಸರಿದು, ಗೋಲಿನ ಗೆರೆಯ ಮೇಲೆ ಕಾಲೂರಿ, ಎರಡೂ ಕೈ ಅಗಲಿಸಿ, ನಿಂತುಬಿಟ್ಟ. ಏಳು ಸಲ ಚೆಂಡು ಬಂತು. ಏಳು ಸಲವೂ ಆ ಮೊರದಗಲದ ಕೈಗೆ ತಗುಲಿ ವಾಪಸಾಯಿತು. ಅಜ್ಜಿ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆ ನನಗೆ ಒತ್ತಿತು.

ಉದ್ದ ಸೀಟಿ ಊದಿದ್ದಕ್ಕೂ ಧೂಳು ಕೂತದ್ದಕ್ಕೂ ಸರಿಹೋಯಿತು. ಹೊಳೆಯಾಚೆಯ ತಂಡ ದೂರದ ಕೋಟೆ ಗೋಡೆಯ ಹತ್ತಿರ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಸುತ್ತುತ್ತಿತ್ತು. ನಮ್ಮ ಹತ್ತೂ ಜನ ನಮ್ಮದೇ ಗೋಲಿನ ಮುಂದೆ ಏದುಸಿರು ಬಿಡುತ್ತ ನಿಂತಿದ್ದರು. ಬುಡೇನನ ಕಾಲಡಿ ಚೆಂಡಿತ್ತು. ಅವನೆದುರು ಕಾಟಣ್ಣ, ತುಟಿಯಲ್ಲಿ ರಕ್ತ, ಒಂದು ಗ್ಲೌಸ್ ಹರಿದು ಜೋತಾಡುತ್ತಿತ್ತು. ಅವನ ಬೆನ್ನು ಬಲೆಗೆ, ಬಲೆಯ ಹಿಂದೆ ಪೇಟೆ ಬಾಗಿಲು. ಎರಡು, ಸೊನ್ನೆ. ಮುತ್ತಿಗೆಯ ವರ್ಷ ಬಿಟ್ಟರೆ, ಎರಡನೇ ಅರ್ಧದಲ್ಲಿ ಗೋಲು ತಿನ್ನದ ಮೊದಲ ಪಂದ್ಯ. ಮೇಷ್ಟ್ರು ಗೆರೆ ದಾಟಿ ಓಡಿ ಬಂದವರು ಅರ್ಧದಲ್ಲೇ ನಿಂತರು. ಅವರು ಕಾಟಣ್ಣನನ್ನು ನೋಡುತ್ತಿರಲಿಲ್ಲ, ಅವನ ಹಿಂದಿನ ಬಾಗಿಲ ಕೊಡಲಿ ಗಾಯಗಳನ್ನು ನೋಡುತ್ತಿದ್ದರು, ಅಲ್ಲಿ ಬೆನ್ನು ಕೊಟ್ಟು ನಿಂತ ಸೂರನಾಯಕನನ್ನು ಈಗಷ್ಟೇ ಕಂಡವರಂತೆ. ಬುಡೇನ್ ಕೂತುಕೊಂಡು ಮುಖ ಮುಚ್ಚಿಕೊಂಡ.

ಅಜ್ಜಿ ಕುರ್ಚಿಯಿಂದ ಎದ್ದಳು. ನನ್ನ ಹೆಗಲು ಹಿಡಿದು, ಗೋಲಿನ ಕಂಬ ಬಳಸಿ, ಕಾಟಣ್ಣನ ಎದುರಿಗೆ ಹೋಗಿ ನಿಂತಳು. ಸೆರಗಿನ ತುದಿಯಿಂದ ಅವನ ತುಟಿ ಒರೆಸಿದಳು. ಕಥೆಯಲ್ಲಿ ದೊರೆ ಕೇಳಿದ್ದನ್ನೇ ಕೇಳಿದಳು. ಈ ಸಲ ನಗಿಸಲಿಕ್ಕಲ್ಲ.

"ಯಾವ ಕಡೆ ಮುಖ ಮಾಡಿದ್ಯಪ್ಪಾ?"

ಕಾಟಣ್ಣ ಒಮ್ಮೆ ತನ್ನವರನ್ನೆಲ್ಲ ನೋಡಿದ. ಸಿಟ್ಟಿರಲಿಲ್ಲ.

"ಹೊರಕ್ಕೆ ಅಜ್ಜಿ," ಅಂದ. "ಬಾಗಿಲು ನನ್ನ ಹಿಂದಿತ್ತು."

ಅಜ್ಜಿ ತಲೆಯಾಡಿಸಿದಳು. ಆಮೇಲೆ, ನಾನು ಎಲ್ಲಿದ್ದೇನೆಂದು ತಿರುಗಿ ನೋಡದೆಯೇ, ನನ್ನ ಕಂಕುಳಲ್ಲಿದ್ದ ದಪ್ಪ ಪುಸ್ತಕದ ಮೇಲೆ ಅಂಗೈ ಬಡಿದಳು.

"ಬರ್ಕೊಳೇ ಹೊನ್ನಿ."